ಮೂರನೇ ಟೇಬಲ್ಲಿನ ಹಳದಿ ಹುಲ್ಲು

ನವಿ ಮುಂಬಯಿಯ ಖಾರ್ಘರಿನ ನಮ್ಮ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಒಂದು ಬೆಳಿಗ್ಗೆ ಏಳಕ್ಕೇ ಗಲಾಟೆ ಶುರುವಾಯಿತು. ಬಿ ವಿಂಗಿನವರೊಬ್ಬರು ಗ್ಯಾಸ್ ಸೋರುತ್ತಿದೆ ಎಂದು ಬರೆದರು. ಗ್ಯಾಸ್ ಅಲ್ಲ, ಗಟಾರ ಒಡೆದಿದೆ ಎಂದು ಇನ್ನೊಬ್ಬರು. ಸೆಕ್ರೆಟರಿ ಎಲ್ಲರೂ ಕಿಟಕಿ ಮುಚ್ಚಿಕೊಳ್ಳಿ ಎಂದರು. ನಾನು ಕಿಟಕಿ ತೆರೆದೆ. ಒಂದೇ ಉಸಿರಿಗೆ ಗೊತ್ತಾಯಿತು. ಹಿಂದಿನ ದಿನ ಮಾಲಿ ಲಾನಿಗೆ ಕೋಳಿಗೊಬ್ಬರ ಹಾಕಿದ್ದ, ಆಮೇಲೆ ವರ್ಷದ ಮೊದಲ ಮಳೆ ಬಿದ್ದಿತ್ತು. ನೆಂದ ಹುಲ್ಲು, ನೆಂದ ಕೋಳಿ ಹಿಕ್ಕೆ, ಅದರಡಿಯಲ್ಲಿ ಬಿಸಿಯಾದ ಮಣ್ಣು. ಈ ಮೂರು ಸೇರಿದ ವಾಸನೆಯಲ್ಲಿ ನಾನು ಒಂದು ಇಡೀ ಮಳೆಗಾಲ ಕಳೆದಿದ್ದೇನೆ. ಎರಡು ಸಾವಿರದ ಹನ್ನೊಂದರಲ್ಲಿ, ಕಲ್ಯಾಣದಾಚೆಯ ಖಡವಲಿಯಲ್ಲಿ, ಸಂಜೀವ ಮಾವನ ಜೊತೆ.

ಆ ಮಳೆಗಾಲದ ಕಥೆಯನ್ನು ನಾನು ಎಷ್ಟೋ ಸಲ ಹೇಳಿದ್ದೇನೆ. ಮದುವೆ ಊಟಗಳಲ್ಲಿ, ಕಾಲೇಜಿನ ಸ್ಟಾಫ್ ರೂಮಿನಲ್ಲಿ. ಮೂವತ್ತು ವರ್ಷ ಹೋಟೆಲಿನ ಗಲ್ಲಾದಲ್ಲಿ ಕೂತಿದ್ದ ಮಾವ ಕೋಳಿ ಸಾಕಲು ಹೋದದ್ದು, ಹಾಡುಹಗಲು ಕೋಳಿಗಾಡಿಯನ್ನು ಬೇರೆ ಕಡೆ ತಳ್ಳಿಸಿ ನಿಲ್ಲಿಸಿದ್ದು, ಕೋಳಿಗಳು ಹಳೇ ಅಡ್ರೆಸ್ಸಿಗೇ ಮರಳಿದ್ದು. ಜನ ನಗುತ್ತಾರೆ. ಮಾವನೂ ಎದುರಿಗೇ ಕೂತು ನಕ್ಕಿದ್ದಾರೆ.

ಆ ಬೆಳಿಗ್ಗೆ ನಾನು ಹಳೆಯ ಡೈರಿ ತೆಗೆದದ್ದು ಒಂದು ಸಣ್ಣ ವಿಷಯಕ್ಕೆ. ಆ ವರ್ಷ ಮೊದಲ ಮಳೆ ಯಾವಾಗ ಬಿತ್ತು ಎಂದು ನೋಡಲು. ಪುಟ ತಿರುಗಿಸುತ್ತ ಹೋದೆ. ನಾನು ಎಂಟು ವರ್ಷ ಹೇಳುತ್ತ ಬಂದ ಕಥೆ ಅದರಲ್ಲಿ ಇರಲಿಲ್ಲ.

ಮೊದಲಿನಿಂದ ಹೇಳಬೇಕು. ಈ ಸಲ ನಿಧಾನವಾಗಿ.

ಆಗ ನಾನು ಡೊಂಬಿವಲಿಯಲ್ಲಿ ಅಮ್ಮನ ಜೊತೆಗಿದ್ದೆ. ಪಿಎಚ್‌ಡಿಗೆ ಸೇರಿ ನಾಲ್ಕು ವರ್ಷವಾಗಿತ್ತು. ಮುಚ್ಚಿದ ಮಿಲ್ಲುಗಳ ಕಾರ್ಮಿಕರು ಏನು ನೆನಪಿಟ್ಟುಕೊಂಡಿದ್ದಾರೆ ಎಂಬುದು ನನ್ನ ವಿಷಯ. ನನ್ನ ಗೈಡ್ ಮೂರನೇ ಅಧ್ಯಾಯವನ್ನು ಮೂರನೇ ಸಲ ಹಿಂದಿರುಗಿಸಿದ್ದರು. ಅಂಚಿನ ತುಂಬ ಕೆಂಪು ಶಾಯಿಯಲ್ಲಿ ಒಂದೇ ಪ್ರಶ್ನೆ: ಇದು ನಿಮಗೆ ಹೇಗೆ ಗೊತ್ತು? ಓದಲು ಕೂತರೆ ಹತ್ತು ನಿಮಿಷಕ್ಕೆ ಎದ್ದು ಅಡುಗೆಮನೆಗೆ ಹೋಗುತ್ತಿದ್ದೆ, ಅಲ್ಲಿಂದ ಬಾಲ್ಕನಿಗೆ, ಅಲ್ಲಿಂದ ಮತ್ತೆ ಮೇಜಿಗೆ. ಅಮ್ಮನಿಗೆ ನನ್ನ ಓಡಾಟ ನೋಡಿ ತಲೆ ತಿರುಗುತ್ತಿತ್ತು. "ಒಂದು ಕಡೆ ಕೂರು, ಇಲ್ಲದಿದ್ದರೆ ಎಲ್ಲಿಗಾದರೂ ಹೋಗು" ಎಂದು ಒಂದು ದಿನ ಹೇಳಿಬಿಟ್ಟಳು. ಹೋಗಲು ಇದ್ದ ಜಾಗ ಒಂದೇ, ಅಮ್ಮನ ಅಣ್ಣ ಸಂಜೀವ ಮಾವನ ಖಡವಲಿ.

ಮಾವ ಠಾಣೆ ಸ್ಟೇಷನ್ ಹತ್ತಿರದ ಒಂದು ಶಾಕಾಹಾರಿ ಹೋಟೆಲಿನಲ್ಲಿ ಮ್ಯಾನೇಜರ್ ಆಗಿದ್ದವರು. ಮಾಲೀಕರ ಮಕ್ಕಳು ಅದನ್ನು ಮುಚ್ಚಿ ಮೊಬೈಲ್ ಅಂಗಡಿ ಮಾಡಿದ ಮೇಲೆ ಅವರ ಕೈಗೆ ಕೆಲಸವಿರಲಿಲ್ಲ. ಅತ್ತೆ ಹೋಗಿ ಬಹಳ ವರ್ಷಗಳಾಗಿದ್ದವು. ಖಡವಲಿಯಲ್ಲಿ ಒಂದೂವರೆ ಎಕರೆ ಹುಲ್ಲುಗಾವಲಿತ್ತು. ಉಡುಪಿ ಕಡೆಯ ನಾಲ್ವರು ಹೋಟೆಲಿನವರು ಮುಂದೆ ಬಂಗಲೆ ಕಟ್ಟುವ ಎಂದು ಒಟ್ಟಾಗಿ ಕೊಂಡು, ಹಾಗೇ ಬಿಟ್ಟ ಜಾಗ. ನಾಲ್ವರಲ್ಲಿ ಹಿರಿಯರು ವಾಶಿಯಲ್ಲಿ ಹೋಟೆಲಿದ್ದ ವಿಠಲಣ್ಣ. ಮಾವ ಅವರ ಹತ್ತಿರ ಹೋಗಿ, ಜಾಗ ಕಾಯುತ್ತೇನೆ, ಅಲ್ಲೇ ಕೋಳಿ ಸಾಕಿಕೊಳ್ಳುತ್ತೇನೆ ಎಂದು ಕೇಳಿದ್ದರು. ವಿಠಲಣ್ಣ ನಕ್ಕು ಒಪ್ಪಿದ್ದರು. ಷರತ್ತು ಇಷ್ಟೇ: ಚೌತಿಯವರೆಗೆ ನೋಡುವ. ಕೋಳಿ ಮಳೆಗಾಲ ದಾಟಿದರೆ ಮಾವನಿಗೆ ಅಲ್ಲಿ ಒಂದು ಪಕ್ಕಾ ಕೋಣೆ ಕಟ್ಟಿಸಿಕೊಡುವುದು. ಇಲ್ಲದಿದ್ದರೆ ವಿಠಲಣ್ಣನ ಭಾವನ ಡೊಂಬಿವಲಿ ಹೋಟೆಲಿನಲ್ಲಿ ಗಲ್ಲಾಕ್ಕೆ ನಂಬಿಕೆಯ ಮನುಷ್ಯ ಬೇಕಾಗಿತ್ತು, ಮಾವ ಅಲ್ಲಿ ಹೋಗಿ ಕೂರುವುದು.

"ಮೂವತ್ತು ವರ್ಷ ಜನರ ಹೊಟ್ಟೆ ನೋಡಿಯಾಯ್ತು ಮಾರಾಯ್ತಿ" ಎಂದು ಮಾವ ಮೊದಲ ದಿನವೇ ಹೇಳಿದ್ದರು. "ಇನ್ನೊಂದು ಗಲ್ಲಾದಲ್ಲಿ ಕೂತರೆ ನಾನು ಅಲ್ಲಿಂದ ಏಳುವುದಿಲ್ಲ. ಹೊತ್ತುಕೊಂಡೇ ಹೋಗಬೇಕು."

ಬೆಳಿಗ್ಗೆ ಇಡೀ ಡೊಂಬಿವಲಿ ಮುಂಬಯಿ ಕಡೆಯ ಪ್ಲಾಟ್‌ಫಾರ್ಮಿನಲ್ಲಿ ಒಬ್ಬರ ಮೇಲೊಬ್ಬರು ನಿಂತಿರುವಾಗ ನಾನು ಎದುರು ಪ್ಲಾಟ್‌ಫಾರ್ಮಿನಲ್ಲಿ ಆಸನಗಾವ್ ಲೋಕಲಿಗೆ ಕಾಯುತ್ತಿದ್ದೆ. ಕಿಟಕಿ ಪಕ್ಕದ ಸೀಟು ಸಿಗುತ್ತಿತ್ತು. ಕಲ್ಯಾಣ ದಾಟಿದರೆ ರೈಲಿನ ಡಬ್ಬಿಯಲ್ಲಿ ಹಾಲಿನ ಕ್ಯಾನುಗಳು ಮತ್ತು ನಾನು. ಟಿಟ್ವಾಳದ ನಂತರ ಹಸಿರು ಎರಡೂ ಕಡೆಯಿಂದ ಒತ್ತಿಕೊಂಡು ಬರುತ್ತಿತ್ತು. ಕೂತರೂ ಕಾಲು ಕುಣಿಯುತ್ತಿತ್ತು. ಕೋಳಿಗಳು ಇವೆಯೋ ಇಲ್ಲವೋ ಎಂಬ ಯೋಚನೆಯಲ್ಲಿ ನಿಲ್ದಾಣ ಬರುವ ಮೊದಲೇ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದೆ.

ಅರುವತ್ತು ಗಾವಠಿ, ಅಂದರೆ ನಾಟಿ, ಕೋಳಿಗಳು. ಮುರಬಾಡಿನ ಸಂತೆಯಿಂದ ಬೇಸಿಗೆಯಲ್ಲಿ ಮಾವ ತಂದದ್ದು. ಅವುಗಳ ಮನೆ ಒಂದು ತರಕಾರಿ ಗಾಡಿ. ನಾಲ್ಕು ಚಕ್ರದ ಹಳೇ ಕೈಗಾಡಿಯ ಮೇಲೆ ಜಾಲರಿ ಕಟ್ಟಿ, ಒಳಗೆ ಕೂರಲು ಬಿದಿರಿನ ಅಡ್ಡೆಗಳನ್ನಿಟ್ಟು, ಹೋಟೆಲಿನಿಂದ ತಂದ ಅಲ್ಯುಮಿನಿಯಂ ತಟ್ಟೆಗಳನ್ನು ಬಡಿದು ಮೇಲೆ ಮಾಡು ಹೊದಿಸಿದ್ದರು. ಮಳೆ ಬಂದರೆ ಆ ಮಾಡಿನ ಸದ್ದಿನಲ್ಲಿ ನಮ್ಮ ಮಾತು ನಮಗೇ ಕೇಳುತ್ತಿರಲಿಲ್ಲ. ಗಾಡಿಯ ನೆಲ ಬಿದಿರ ಪಟ್ಟಿಯದು, ಹಿಕ್ಕೆ ಸಂದಿನಿಂದ ನೇರ ಹುಲ್ಲಿಗೆ ಬೀಳುತ್ತಿತ್ತು. ಸುತ್ತ ಬೇಲಿಗೆ ಮಲ್ಪೆಯಿಂದ ಬಸ್ಸಿನಲ್ಲಿ ಹೊತ್ತು ತಂದ ಹಳೆಯ ಮೀನಿನ ಬಲೆ. ಗಾಡಿ ಜರುಗಿದಂತೆ ಬಲೆಯೂ ಜರುಗಬೇಕು.

ಜಾಗವನ್ನು ಮಾವ ಸುಣ್ಣ ಬಳಿದ ಕಲ್ಲುಗಳಿಂದ ಇಪ್ಪತ್ತು ತುಂಡು ಮಾಡಿದ್ದರು. ಒಂದೊಂದಕ್ಕೂ ಒಂದು ನಂಬರು. ಅವನ್ನು ಅವರು ಟೇಬಲ್ ಎಂದು ಕರೆಯುತ್ತಿದ್ದರು. ದಿನಕ್ಕೊಂದು ಟೇಬಲ್. ಕೋಳಿಗಳು ಒಂದು ಕಡೆ ಒಂದು ದಿನ ಕೆರೆದು, ತಿಂದು, ಗೊಬ್ಬರ ಹಾಕಿದವೆಂದರೆ ಅಲ್ಲಿಗೆ ಮತ್ತೆ ಬರುವುದು ಇಪ್ಪತ್ತು ದಿನದ ಮೇಲೆ. ಅಷ್ಟರಲ್ಲಿ ಹುಲ್ಲು ಚಿಗುರಿ, ಮಣ್ಣಿನ ರೋಗ ಹುಳ ಎಲ್ಲ ತೊಳೆದು ಹೋಗಿರಬೇಕು. ನಾನು ಇಂಟರ್ನೆಟ್ಟಿನಿಂದ ತೆಗೆದುಕೊಂಡು ಹೋದ ಪ್ರಿಂಟುಗಳಲ್ಲಿಯೂ ಅದೇ ಇತ್ತು. ಮಾವ ಅವನ್ನು ಕನ್ನಡಕ ಏರಿಸಿ ನೋಡಿ ಮಡಚಿಟ್ಟರು.

"ಒರೆಸದ ಟೇಬಲ್ಲಿಗೆ ಗಿರಾಕಿ ಕೂರಿಸಬಾರದು. ಇದನ್ನು ಹೇಳಲಿಕ್ಕೆ ಅಮೆರಿಕದವನಿಗೆ ಹನ್ನೆರಡು ಪೇಜು ಬೇಕಾಯ್ತಾ, ಪ್ರೊಫೆಸರ್?"

ನನ್ನನ್ನು ಚುಡಾಯಿಸಬೇಕಾದಾಗ ಅವರು ಕರೆಯುತ್ತಿದ್ದದ್ದು ಹಾಗೆ, ಪ್ರೊಫೆಸರ್.

ಬೆಳಗಿನ ಕೆಲಸಕ್ಕೆ ಒಂದು ಕಟ್ಟುನಿಟ್ಟಿತ್ತು. ಗಾಡಿಯನ್ನು ಜರುಗಿಸುವುದು ಬಾಗಿಲು ತೆರೆಯುವ ಮೊದಲು, ಕೋಳಿಗಳು ಒಳಗಿರುವಾಗ. ಮಾವ ಹಿಡಿಕೆ ಹಿಡಿಯುತ್ತಿದ್ದರು, ನಾನು ಹಿಂದಿನಿಂದ ತಳ್ಳುತ್ತಿದ್ದೆ. ಒಳಗೆ ಅರುವತ್ತು ಕೋಳಿಗಳು ಬಸ್ಸಿನಲ್ಲಿ ನಿಂತವರ ಹಾಗೆ ಒಂದೇ ಕಡೆ ವಾಲಿ ಗೊಣಗುತ್ತಿದ್ದವು. ಹತ್ತು ಹನ್ನೆರಡು ಹೆಜ್ಜೆ, ಅಷ್ಟೇ. ಹಿಂದಿನ ದಿನ ಗಾಡಿ ನಿಂತಲ್ಲಿ ಹುಲ್ಲು ಹಳದಿಯಾಗಿ ಚೌಕಾಕಾರಕ್ಕೆ ಮಲಗಿರುತ್ತಿತ್ತು. ನಾಲ್ಕಾರು ದಿನದಲ್ಲಿ ಅದೇ ಚೌಕ ಉಳಿದೆಲ್ಲಕ್ಕಿಂತ ಕಪ್ಪು ಹಸಿರಾಗಿ ಏಳುತ್ತಿತ್ತು. ಮೇಲಿನ ದಿಬ್ಬದಲ್ಲಿ ನಿಂತು ನೋಡಿದರೆ ಹಳದಿಯಿಂದ ಕಡುಹಸಿರಿನವರೆಗೆ ಸಾಲು ಚೌಕಗಳು. ಎಷ್ಟು ದಿನ ಕಳೆಯಿತು ಎಂದು ಹುಲ್ಲು ನೋಡಿಯೇ ಹೇಳಬಹುದಿತ್ತು. ನನ್ನ ಡೈರಿಗಿಂತ ಅದು ಪ್ರಾಮಾಣಿಕವಾಗಿತ್ತು ಎಂದು ಈಗ ಅನ್ನಿಸುತ್ತದೆ.

ಕಾಯುವುದೇ ದೊಡ್ಡ ಕೆಲಸ. ಆಕಾಶದಲ್ಲಿ ಹದ್ದು, ಕಂಟಿಯಲ್ಲಿ ಮುಂಗುಸಿ, ರೈಲು ಹಳಿಯ ಕಡೆಯಿಂದ ನಾಯಿಗಳು. ಹದ್ದಿಗೆ ಮಾವ ತಮ್ಮ ಯಕ್ಷಗಾನದ ಹಳೇ ಕ್ಯಾಸೆಟ್ಟುಗಳನ್ನು ಬಲಿ ಕೊಟ್ಟರು. ಕ್ಯಾಸೆಟ್ಟಿನ ರೀಲು ಬಿಚ್ಚಿ ಬೊಂಬಿನಿಂದ ಬೊಂಬಿಗೆ ಬಿಗಿದರೆ ಗಾಳಿಗೆ ಅದು ಮಿಂಚಿ ಗುಂಯ್ ಎನ್ನುತ್ತಿತ್ತು. "ಇಷ್ಟು ವರ್ಷ ನಾನು ಕೇಳಿದೆ, ಈಗ ಹದ್ದು ಕೇಳಲಿ." ಆದರೂ ಜೂನಿನಲ್ಲಿ ಎರಡು ಕೋಳಿ ಹದ್ದಿನ ಪಾಲಾದವು. ಐವತ್ತೆಂಟು ಉಳಿದವು. ಆಮೇಲೆ ನಾನು ಕೂತದ್ದೇ ನೆನಪಿಲ್ಲ. ಬಲೆಯ ಸುತ್ತ ನಡೆಯುತ್ತಿದ್ದೆ. ಒಂದು ಸುತ್ತು ಮುಗಿಯುವಷ್ಟರಲ್ಲಿ ಹಿಂದೆ ಬಿಟ್ಟ ಮೂಲೆಯಲ್ಲಿ ಏನಾದರೂ ನುಸುಳಿರಬಹುದು ಎನ್ನಿಸಿ ಮತ್ತೊಂದು ಸುತ್ತು. ಹುಲ್ಲು ಕೊಯ್ಯಲು ಬರುತ್ತಿದ್ದ ಸುಗಂಧಾಬಾಯಿ ಪಕ್ಕದ ವಾಡಿಯವಳು. ಅವಳು ಕುಡುಗೋಲು ನಿಲ್ಲಿಸಿ ನನ್ನನ್ನು ನೋಡಿ, "ತಾಈ, ತೂಚ್ ಕೋಂಬಡೀ ಝಾಲೀಸ್" ಎಂದು ನಗುತ್ತಿದ್ದಳು. ನೀನೇ ಕೋಳಿಯಾಗಿಬಿಟ್ಟೆಯಲ್ಲ ಎಂದು.

ಸಂಜೆಯ ಕೆಲಸ ಇನ್ನೂ ಕಟ್ಟುನಿಟ್ಟು. ಬೆಳಕು ಹೋಗುವಾಗ ಕೋಳಿಗಳು ತಾವಾಗಿ ಗಾಡಿ ಹತ್ತುತ್ತವೆ. ಕೊನೆಯದು ಹತ್ತಿದ ಮೇಲೆ ಎಣಿಸಬೇಕು, ಚಿಲಕ ಹಾಕಬೇಕು. ಮಾವ ಪ್ರತಿಯೊಂದನ್ನೂ ಬೆರಳು ತೋರಿಸಿ ತುಳುವಿನಲ್ಲಿ ಎಣಿಸುತ್ತಿದ್ದರು. ತಪ್ಪಿದರೆ ಮೊದಲಿನಿಂದ. ನನಗೆ ರೈಲು ತಪ್ಪುತ್ತದೆ ಎಂದರೂ ಮೊದಲಿನಿಂದ. "ಹೋಟೆಲ್ ಮುಚ್ಚುವಾಗ ಪಾತ್ರೆ ಎಣಿಸದೆ ಬೀಗ ಹಾಕಿದರೆ ಬೆಳಿಗ್ಗೆ ಯಾರ ಹತ್ತಿರ ಕೇಳ್ತಿ?"

ಇಷ್ಟರವರೆಗೆ ನನ್ನ ನೆನಪೂ ಡೈರಿಯೂ ಒಂದೇ ಹೇಳುತ್ತವೆ. ಆ ಭಾನುವಾರದಿಂದ ಬೇರೆಯಾಗುತ್ತವೆ.

ಚೌತಿಗೆ ಇನ್ನು ಮೂರು ವಾರವಿತ್ತು. ವಿಠಲಣ್ಣ ಇಬ್ಬರು ಪಾಲುದಾರರನ್ನು ಕರೆದುಕೊಂಡು ಕಾರಿನಲ್ಲಿ ಬಂದರು. ಗಾಡಿ ಅಂದು ಮೂರನೇ ಟೇಬಲ್ಲಿನಲ್ಲಿತ್ತು, ಗೇಟಿನ ಎದುರೇ, ತಗ್ಗಿನಲ್ಲಿ. ನಾಲ್ಕು ದಿನದ ಮಳೆಗೆ ಅಲ್ಲಿ ಕೆಸರು, ಆ ಬೆಳಿಗ್ಗೆ ಕೋಳಿ ತುಂಬಿದ ಗಾಡಿ ಅಲ್ಲಿಂದ ಜರುಗಿರಲಿಲ್ಲ. ವಿಠಲಣ್ಣ ಕಾರಿನಿಂದ ಇಳಿದವರೇ ಮೂಗಿಗೆ ಕರ್ಚೀಫು ಹಿಡಿದರು.

"ಎಂತ ಸಂಜೀವಣ್ಣ ಇದು? ಗೇಟಲ್ಲೇ ಸ್ವಾಗತವಾ? ನಾಳೆ ಯಾರಾದ್ರೂ ಪ್ಲಾಟ್ ನೋಡ್ಲಿಕ್ಕೆ ಬಂದ್ರೆ ಉಲ್ಟಾ ಪಾಂವ್ ವಾಪಸ್ ಓಡ್ತಾರೆ."

"ಮಳೆ ಅಲ್ವಾ ಅಣ್ಣ. ನಾಳೆ ಇಲ್ಲಿಂದ ಹೋಗ್ತದೆ. ಕಾಫಿ ತರ್ತೇನೆ" ಎಂದು ಮಾವ ತಾವಿರುತ್ತಿದ್ದ ತಗಡಿನ ಶೆಡ್ಡಿಗೆ ಹೋದರು.

ನಾನು ಇಷ್ಟು ದಿನ ಹೇಳುತ್ತ ಬಂದ ಕಥೆಯಲ್ಲಿ ಇಲ್ಲಿಂದ ಮಾವನೇ ಮಾತಾಡುತ್ತಾರೆ. 'ಈಗಲೇ ಜರುಗಿಸುವ, ಅದಕ್ಕೆಂತ' ಎನ್ನುತ್ತಾರೆ. ಡೈರಿಯಲ್ಲಿ ಹಾಗಿಲ್ಲ. ಓದಿದ ಮೇಲೆ ನನಗೆ ದೃಶ್ಯವೇ ಬೇರೆಯಾಗಿ ಕಾಣತೊಡಗಿತು. ಅದನ್ನೂ ಪೂರ್ತಿ ನಂಬಲಾರೆ. ಆದರೆ ಅದರಲ್ಲಿ ನನಗೆ ಅನುಕೂಲವಾದದ್ದು ಏನೂ ಇಲ್ಲ. ಅಷ್ಟರಮಟ್ಟಿಗೆ ನಂಬುತ್ತೇನೆ.

ಮಾತಾಡಿದವಳು ನಾನು.

"ಅಣ್ಣ, ಇದಕ್ಕೆ ಚಕ್ರ ಇರುವುದೇ ಅದಕ್ಕೆ. ಎಲ್ಲಿಗೆ ಬೇಕಾದರೂ ಹೋಗುತ್ತದೆ" ಎಂದೆ. ಆಮೇಲೆ ನಿಲ್ಲಿಸಲಾಗಲಿಲ್ಲ. ಹುಲ್ಲು, ಗೊಬ್ಬರ, ಇಪ್ಪತ್ತು ದಿನದ ಸುತ್ತು, ಮಣ್ಣಿನ ಆರೋಗ್ಯ. ಯಾರೂ ಕೆಂಪು ಶಾಯಿಯಲ್ಲಿ ಅಡ್ಡ ಬರುತ್ತಿರಲಿಲ್ಲ. ಮೂವರು ದೊಡ್ಡ ಮನುಷ್ಯರು ತಲೆಯಾಡಿಸುತ್ತ ಕೇಳುತ್ತಿದ್ದರು.

"ಅಂದ್ರೆ ಆ ಮೇಲೆ ನಿಲ್ಲಿಸಿದ್ರೂ ಆಗ್ತದೆ?" ವಿಠಲಣ್ಣ ದಿಬ್ಬದ ಕಡೆ ಕೈ ತೋರಿಸಿದರು. ಅಲ್ಲಿ ಒಂದು ಹೊಂಗೆ ಮರ, ಅದರಾಚೆ ಒಣ ನೆಲ, ಹದಿನಾಲ್ಕನೇ ಟೇಬಲ್.

"ಈಗಲೇ ತೋರಿಸುತ್ತೇನೆ."

ಕಾರಿನ ಡ್ರೈವರ್ ಮತ್ತು ನಾನು ಸೇರಿ ಗಾಡಿ ತಳ್ಳಿದೆವು. ಖಾಲಿ ಗಾಡಿ ಹಗುರವಾಗಿ ದಿಬ್ಬ ಏರಿತು. ಬಲೆ ಕಿತ್ತು ಅಲ್ಲಿ ಊರಿದೆವು. ಕಾಳಿನ ಟಿನ್ ಬಡಿದೆ. ಐವತ್ತೆಂಟೂ ಕೋಳಿಗಳು ರೆಕ್ಕೆ ಬಿಚ್ಚಿ ನನ್ನ ಹಿಂದೆ ದಿಬ್ಬ ಹತ್ತಿ ಓಡಿಬಂದವು. ವಿಠಲಣ್ಣ ಚಪ್ಪಾಳೆ ತಟ್ಟಿದರು. ಆ ಹೊತ್ತಿಗೆ ಮಾವ ಟ್ರೇಯಲ್ಲಿ ಕಾಫಿ ಲೋಟಗಳನ್ನು ಹಿಡಿದು ಶೆಡ್ಡಿನಿಂದ ಹೊರಬಂದರು. ಖಾಲಿ ಬಿದ್ದ ಮೂರನೇ ಟೇಬಲ್ ನೋಡಿದರು, ದಿಬ್ಬ ನೋಡಿದರು, ನನ್ನನ್ನು ನೋಡಿದರು.

"ಹಗಲಲ್ಲಿ?" ಎಂದಷ್ಟೇ ಕೇಳಿದರು.

"ನೋಡಿ ಮಾವ, ಎಲ್ಲ ಬಂದವು."

"ಅರೆ ಸಂಜೀವಣ್ಣ, ನಿಮ್ಮ ಸೊಸೆ ಏಕದಮ್ ಎಕ್ಸ್‌ಪರ್ಟ್!" ವಿಠಲಣ್ಣ ಟ್ರೇಯಿಂದ ಲೋಟ ಎತ್ತಿಕೊಂಡರು. ಮಾವ ನಕ್ಕರು. ಅಷ್ಟು ಜನರೆದುರು ಅವರು ಇನ್ನೇನು ಮಾಡಬಹುದಿತ್ತು?

ಸುಗಂಧಾಬಾಯಿ ಮಾತ್ರ ಹುಲ್ಲಿನ ಹೊರೆಯ ಮೇಲೆ ಕೈಯಿಟ್ಟು ಹೇಳಿದಳು: "ತಾಈ, ಕೋಂಬಡೀಲಾ ಘರ ಕಳತ್ ನಾಯ್, ಜಾಗಾ ಕಳತೆ. ಸಾಂಜಚ್ಯಾಲಾ ತೀ ತಿಥಂಚ್ ಜಾನಾರ್." ಕೋಳಿಗೆ ಮನೆ ತಿಳಿಯುವುದಿಲ್ಲ, ಜಾಗ ತಿಳಿಯುತ್ತದೆ, ಸಂಜೆ ಅವು ಅಲ್ಲಿಗೇ ಹೋಗುತ್ತವೆ. ದಿನಾ ಬೆಳಿಗ್ಗೆ ಕೋಳಿಗಳನ್ನು ಒಳಗಿಟ್ಟೇ, ಹತ್ತೇ ಹೆಜ್ಜೆ ಗಾಡಿ ಜರುಗಿಸುತ್ತಿದ್ದುದು ಅದಕ್ಕೇ. ಎರಡು ತಿಂಗಳು ದಿನಾ ಮಾಡಿದ ಕೆಲಸದ ಕಾರಣವನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ನನ್ನ ಪ್ರಿಂಟಿನ ಹನ್ನೆರಡು ಪುಟಗಳಲ್ಲಿ ಅದು ಇತ್ತೋ ಏನೋ. ನಾನು ನಕ್ಕು ಟಿನ್ ಇನ್ನೊಮ್ಮೆ ಬಡಿದೆ.

ವಿಠಲಣ್ಣನಿಗೆ ಖುಷಿಯಾಗಿತ್ತು. ಟಿಟ್ವಾಳದ ಗಣಪತಿಗೆ ಹೋಗಿ, ಅಲ್ಲೇ ಊಟ ಮಾಡಿ, ಕೋಣೆಯ ಪ್ಲಾನ್ ಮಾತಾಡುವ ಎಂದು ಮಾವನನ್ನು ಕಾರಿಗೆ ಹತ್ತಿಸಿಕೊಂಡರು. ಕೋಣೆ ಎಂಬ ಮಾತು ಕೇಳಿ ಮಾವನ ಮುಖ ನೋಡಬೇಕಿತ್ತು. ಅವರು ಕಾರಿನ ಕಿಟಕಿ ಇಳಿಸಿ ನನ್ನನ್ನು ಹತ್ತಿರ ಕರೆದರು.

"ನಾನು ಬರುವಾಗ ಕತ್ತಲೆ ಆಗ್ತದೆ. ಇವತ್ತು ನೀನೇ ಬಾಗಿಲು ಹಾಕು. ಬೇಗ ಹಾಕಬೇಡ. ಕೆಳಗೆ ಹೋಗಿ ಒಮ್ಮೆ ನೋಡು. ಎಣಿಸು. ರೈಲು ಹೋದ್ರೆ ಹೋಗಲಿ, ಎಣಿಸು."

"ಆಯ್ತು ಮಾವ."

ನಾಲ್ಕೂವರೆಗೆ ಮಳೆ ಶುರುವಾಯಿತು. ಐದಕ್ಕೆ ಅಮ್ಮನ ಫೋನು. ಕಲ್ಯಾಣದ ಹತ್ತಿರ ಹಳಿಯ ಮೇಲೆ ನೀರು ಬರುತ್ತಿದೆಯಂತೆ, ಸಿಕ್ಕ ರೈಲು ಹತ್ತು ಎಂದಳು. ನಾನು ಶೆಡ್ಡಿನಿಂದ ದಿಬ್ಬಕ್ಕೆ, ದಿಬ್ಬದಿಂದ ಗೇಟಿಗೆ, ಗೇಟಿನಿಂದ ಶೆಡ್ಡಿಗೆ ಕೊಡೆ ಹಿಡಿದು ಓಡಾಡಿದೆ. ಮಳೆಗೆ ಹೆದರಿ ಕೋಳಿಗಳು ಆಗಲೇ ಗಾಡಿಯೊಳಗೆ ಹೋಗಿದ್ದವು. ಎಲ್ಲವೂ ಹೋಗಿದ್ದವು ಎಂದು ನಾನು ಅಂದುಕೊಂಡೆ. ಜಾಲರಿಗೆ ಮುಖವಿಟ್ಟು ನೋಡಿದೆ. ಮಾಡಿನ ಮೇಲೆ ಮಳೆಯ ಸದ್ದು ಕಿವಿ ಒಡೆಯುವಷ್ಟು. ಒಳಗೆ ಅರೆಗತ್ತಲು, ಒಂದಕ್ಕೊಂದು ಒತ್ತಿಕೊಂಡ ಬೆನ್ನುಗಳು. ಎಣಿಸಲು ಶುರು ಮಾಡಿದೆ. ಹನ್ನೆರಡೋ ಹದಿಮೂರೋ ಆಗುವಾಗ ಒಂದು ಕೋಳಿ ಅಡ್ಡೆಯಿಂದ ಹಾರಿ ಇನ್ನೊಂದರ ಪಕ್ಕಕ್ಕೆ ಕೂತಿತು. ಮೊದಲಿನಿಂದ ಎಣಿಸಬೇಕಿತ್ತು. ನಾನು ಚಿಲಕ ಹಾಕಿ ಸ್ಟೇಷನ್ನಿನ ಕಡೆ ಓಡಿದೆ. ಕೆಳಗೆ ಮೂರನೇ ಟೇಬಲ್ಲಿನ ಕಡೆ ತಿರುಗಿಯೂ ನೋಡಲಿಲ್ಲ.

ಆ ದಿನದ ಡೈರಿಯ ಅಕ್ಷರ ರೈಲಿನ ಅಲುಗಾಟಕ್ಕೆ ಸೊಟ್ಟಗಿದೆ. ಇದ್ದ ಹಾಗೆ ನಕಲು ಮಾಡುತ್ತೇನೆ. "ಗಾಡಿ ೧೪ಕ್ಕೆ ತಂದೆವು. ಐಡಿಯಾ ನನ್ನದು. ವಿ. ಅಣ್ಣನಿಗೆ ಬಹಳ ಮೆಚ್ಚುಗೆ, ಮಾವನಿಗೆ ಕೋಣೆ ಖಂಡಿತ. ಸಂಜೆ ಬಾಗಿಲು ಹಾಕಿ ಬಂದೆ. ಎಣಿಸಿದೆ, ಎಲ್ಲ ಒಳಗೆ. ರೈಲು ಸಿಕ್ಕಿತು."

ಎಣಿಸಿದೆ, ಎಲ್ಲ ಒಳಗೆ. ಯಾರೂ ಓದದ ಡೈರಿಯಲ್ಲಿ, ಇನ್ನೂ ಏನೂ ಕೆಟ್ಟದಾಗುವ ಮೊದಲೇ, ನಾನು ಯಾರಿಗಾಗಿ ಆ ಸುಳ್ಳು ಬರೆದೆ? ನೆನಪು ಗಾಡಿಯನ್ನು ಮಾವನ ಕೈಗೆ ಕೊಟ್ಟಿತ್ತು. ಡೈರಿ ಅದನ್ನು ನನಗೆ ಹಿಂದಿರುಗಿಸಿತು, ಆದರೆ ಎಣಿಕೆಯ ವಿಷಯದಲ್ಲಿ ಅದೇ ಸುಳ್ಳು ಹೇಳಿತು. ಎರಡು ಸಾಕ್ಷಿಗಳೂ ನನ್ನವೇ, ಎರಡೂ ಬೇರೆ ಬೇರೆ ಕಡೆ ನನ್ನನ್ನು ಬಚಾವು ಮಾಡುತ್ತಿದ್ದವು.

ಮರುದಿನ ಬೆಳಿಗ್ಗೆ ನಾನು ಹೋದಾಗ ಮಳೆ ನಿಂತಿತ್ತು. ಮಾವ ಗಾಡಿಯ ಹತ್ತಿರ ಇರಲಿಲ್ಲ. ಕೆಳಗೆ ಮೂರನೇ ಟೇಬಲ್ಲಿನಲ್ಲಿ, ಹಾಲಿನ ಕ್ರೇಟು ಬೋರಲು ಹಾಕಿ ಕೂತಿದ್ದರು. ಮುಂದೆ ಹಳದಿ ಹುಲ್ಲಿನ ಚೌಕ. ಆ ಚೌಕದ ತುಂಬ ಗರಿಗಳು. ಹೊರಗೆ ಅಲ್ಲೊಂದು ಇಲ್ಲೊಂದು ಚದುರಿದ್ದವು, ಆದರೆ ಹೆಚ್ಚಿನವು ಚೌಕದ ಗೆರೆಯೊಳಗೇ, ಗಾಡಿಯ ಉದ್ದಕ್ಕೆ, ಗಾಡಿಯ ಅಗಲಕ್ಕೆ. ಅವಸರದಲ್ಲಿ ಊರಿದ ಬಲೆಯ ಅಡಿಯಿಂದ ನುಸುಳಿ ಕೆಳಗಿಳಿದು, ಇಲ್ಲದ ಗಾಡಿಯೊಳಗೆ ಅವು ಸಾಲಾಗಿ ಒತ್ತಿಕೊಂಡು ಮಳೆಯಲ್ಲಿ ಕೂತಿದ್ದವು. ಹೊರಗೆ ಉಳಿದದ್ದರಲ್ಲಿ ನಾಲ್ಕು ಮಾತ್ರ ಹೊಂಗೆ ಮರದ ಮೇಲೆ ಬದುಕಿದ್ದವು. ಉಳಿದವನ್ನು ಕೊಂದದ್ದು ಯಾವುದು ಎಂದು ತಿಳಿಯಲಿಲ್ಲ. ಮಾವ ನಾಯಿ ಎಂದರು. ಸುಗಂಧಾಬಾಯಿ ಹೆಜ್ಜೆ ನೋಡಿ ಕೋಲ್ಹಾ, ನರಿ, ಎಂದಳು.

"ಎಣಿಸಿದ್ಯಾ?" ಮಾವ ಕೇಳಿದರು. ತಲೆ ಎತ್ತಲಿಲ್ಲ.

"ಎಣಿಸಿದ್ದೆ ಮಾವ."

ಅವರು ಒಂದು ಗರಿ ಹೆಕ್ಕಿ, ನೀರು ಕೊಡವಿ, ಮತ್ತೆ ಅದೇ ಜಾಗದಲ್ಲಿ ಇಟ್ಟರು. "ಹಾಗಾದ್ರೆ ಚಿಲಕ ಸಡಿಲ ಉಂಟು" ಎಂದರು.

ಮಧ್ಯಾಹ್ನ ಶೆಡ್ಡಿನೊಳಗಿಂದ ಅವರು ವಿಠಲಣ್ಣನಿಗೆ ಫೋನಿನಲ್ಲಿ ಹೇಳುತ್ತಿದ್ದದ್ದು ಹೊರಗಿದ್ದ ನನಗೆ ಕೇಳಿಸಿತು. "ಇಲ್ಲ ಅಣ್ಣ, ಅವಳದ್ದು ಎಂತ ತಪ್ಪಿಲ್ಲ. ಜರುಗಿಸು ಅಂತ ಬೆಳಿಗ್ಗೆಯೇ ನಾನು ಹೇಳಿದ್ದು. ಬಂದ ಮೇಲೆ ಬಾಗಿಲು ನೋಡಬೇಕಿತ್ತು, ಅದೂ ನಾನು ನೋಡಲಿಲ್ಲ." ಆಚೆಯಿಂದ ಬಂದ ಉತ್ತರ ಕೇಳಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮಾವ, "ಹೌದು, ವಯಸ್ಸಾಯ್ತು" ಎಂದರು.

ಈಗ ತಿಳಿಯುತ್ತದೆ. ಅವರು ಫೋನಿನಲ್ಲಿ ಹೇಳಿದ ಆ ಸುಳ್ಳನ್ನೇ ನಾನು ಎತ್ತಿಕೊಂಡು ನೆನಪು ಮಾಡಿಕೊಂಡದ್ದು. ಮೊದಲು ಅಮ್ಮನಿಗೆ ಹೇಳಿದೆ, ಆಮೇಲೆ ಬೇರೆಯವರಿಗೆ. ಹೇಳುತ್ತ ಹೋದಂತೆ ಅದಕ್ಕೆ ಮಾವನ ಧ್ವನಿ ಬಂತು, ಕೈಸನ್ನೆ ಬಂತು, ನಗುವ ಜಾಗಗಳು ಬಂದವು.

ಉಳಿದ ಕೋಳಿಗಳನ್ನು ಮಾವ ಚೌತಿಗೆ ಮೊದಲೇ ಸುಗಂಧಾಬಾಯಿಯ ವಾಡಿಗೆ ಕೊಟ್ಟರು. ಗಾಡಿಯನ್ನೂ. ಹಬ್ಬ ಮುಗಿದ ಮೇಲೆ ಡೊಂಬಿವಲಿಯ ಗಲ್ಲಾದಲ್ಲಿ ಕೂತರು. ಐದು ವರ್ಷ ಕೂತರು. ನಾನು ಥೀಸಿಸ್ ಮುಗಿಸಿ ನವಿ ಮುಂಬಯಿಯಲ್ಲಿ ಕೆಲಸಕ್ಕೆ ಸೇರಿದೆ. ಅಮ್ಮನನ್ನು ನೋಡಲು ಹೋದಾಗೆಲ್ಲ ಆ ಹೋಟೆಲಿನ ಮುಂದೆ ಹಾಯಬೇಕಿತ್ತು. ಗಾಜಿನ ಹಿಂದಿನಿಂದ ಮಾವ ಕೈಯೆತ್ತಿ ಕಾಫಿ ಎಂದು ಸನ್ನೆ ಮಾಡುತ್ತಿದ್ದರು. ಕುಡಿದು ಬರುತ್ತಿದ್ದೆ. ಮಂಡಿ ಸಂಪೂರ್ಣ ಹಾಳಾದ ಮೇಲೆ ಅವರು ಎದ್ದರು.

ವಾಟ್ಸಾಪಿನ ಗಲಾಟೆ ನಡೆದ ಆ ದಿನ ನಾನು ಕಾಲೇಜಿಗೆ ಹೋಗಲಿಲ್ಲ. ಡೈರಿಯನ್ನು ಚೀಲಕ್ಕೆ ಹಾಕಿ ಠಾಣೆಯ ಲೋಕಲ್ ಹತ್ತಿದೆ. ಸೀಟಿತ್ತು, ಕೂರಲಾಗಲಿಲ್ಲ. ಮಾವ ಈಗ ಮಗಳ ಫ್ಲ್ಯಾಟಿನಲ್ಲಿರುತ್ತಾರೆ, ಎಂಟನೇ ಮಹಡಿ. ಬಾಗಿಲು ತೆರೆದವರು ನನ್ನ ಮುಖ ನೋಡಿ, "ಎಂತ, ಟ್ರೇನಲ್ಲಿ ಜಗಳವಾ?" ಎಂದರು. ಬಾಲ್ಕನಿಯಲ್ಲಿ ಕೂತೆವು. ಪಾರಿವಾಳ ಬಾರದಂತೆ ಬಲೆ ಕಟ್ಟಿಸಿದ್ದರು. ಮಾವ ಅದನ್ನು ಬೆರಳಿನಿಂದ ಎಳೆದು ತೋರಿಸಿದರು. "ನೈಲಾನ್. ಮಲ್ಪೆಯದ್ದರ ಹತ್ರ ಇದು ಸೊಳ್ಳೆ ಪರದೆ."

"ಮಾವ, ಅವತ್ತು ಖಡವಲಿಯಲ್ಲಿ ನಾನು ಎಣಿಸಿರಲಿಲ್ಲ."

"ಗೊತ್ತುಂಟು."

ಹೇಗೆ ಗೊತ್ತು ಎಂಬ ಪ್ರಶ್ನೆ ನನ್ನ ಬಾಯಿಂದ ತಾನಾಗಿ ಬಂತು. ಮಾವ ನಕ್ಕರು.

"ಬೆಳಿಗ್ಗೆ ಚಿಲಕ ಹಾಕಿದ ಹಾಗೇ ಇತ್ತು. ಸಡಿಲ ಎಂತದ್ದೂ ಇರ್ಲಿಲ್ಲ. ಒಳಗಿದ್ದದ್ದು ಒಳಗೇ ಇತ್ತು, ಮೈ ಒಣಗಿತ್ತು. ಚಿಲಕ ಹಾಕಿದ ಬಾಗಿಲಿಂದ ಕೋಳಿ ಹೇಗೆ ಹೊರಗೆ ಬರ್ತದೆ ಪ್ರೊಫೆಸರ್?"

"ಮತ್ತೆ ಯಾಕೆ ವಿಠಲಣ್ಣನಿಗೆ ಹಾಗೆ ಹೇಳಿದಿರಿ?"

"ಟೇಬಲ್ಲಿಗೆ ತಪ್ಪು ಆರ್ಡರ್ ಹೋದ್ರೆ ಗಿರಾಕಿ ಎದುರು ಮಾಣಿಗೆ ಬೈಯಬಾರದು. ಮ್ಯಾನೇಜರ್ ಹೋಗಿ ಸಾರಿ ಹೇಳ್ಬೇಕು. ಅಷ್ಟೇ."

ನನಗೆ ಹಗುರವಾಗಬೇಕಿತ್ತು. ಎದ್ದು ನಿಂತೆ, ಬಲೆಯ ಹತ್ತಿರ ಹೋದೆ, ಹಿಂದೆ ಬಂದೆ. ಮಾವ ಕೂತಲ್ಲಿಂದ ನನ್ನನ್ನು ನೋಡುತ್ತಿದ್ದರು.

"ಆದ್ರೆ ಗಿರಾಕಿ ಹೋದ ಮೇಲೆ ಮಾಣಿ ಒಳಗೆ ಬಂದು ಹೇಳ್ತಾನೆ, ಅಣ್ಣ ನನ್ನಿಂದ ತಪ್ಪಾಯ್ತು ಅಂತ" ಎಂದರು ಅವರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಸುಲಭವಾಗುತ್ತಿತ್ತು. "ನೀನು ಕಾಫಿಗೆ ಬರ್ತಿದ್ದಿ ಅಲ್ವಾ, ಡೊಂಬಿವಲಿಗೆ. ಪ್ರತಿ ಸಲ ಅಂದುಕೊಳ್ತಿದ್ದೆ, ಇವತ್ತು ಹೇಳ್ತಾಳೆ ಅಂತ."

ಕೆಳಗೆ ಎಲ್ಲೋ ಒಂದು ಸೊಸೈಟಿಯ ವಾಚ್‌ಮನ್ ಸೀಟಿ ಊದಿದ. ನಾನು ಕೂತೆ.

"ಒಳಗೆ ಎಷ್ಟಿದ್ದವು ಮಾವ?"

"ಮೂವತ್ತೊಂದು." ಅವರು ಯೋಚಿಸಲೇ ಇಲ್ಲ. "ನಿಂಗೆ ಚಹಾ ಇಡಲಾ, ಕಾಫಿಯಾ?"

ವಾಪಸ್ಸು ಬರುವ ರೈಲಿನಲ್ಲಿ ಡೈರಿ ತೆರೆದೆ. ಹಳೆಯ ಸಾಲನ್ನು ಹೊಡೆದುಹಾಕಬೇಕೆನ್ನಿಸಿತು. ಹಾಕಲಿಲ್ಲ. ಹೊಡೆದುಹಾಕಿದರೆ ನಾನು ಸುಳ್ಳು ಬರೆದದ್ದಕ್ಕೂ ಪುರಾವೆ ಇರುವುದಿಲ್ಲ. ಅದರ ಕೆಳಗೆ ಉಳಿದಿದ್ದ ಜಾಗದಲ್ಲಿ ಇವತ್ತಿನ ತಾರೀಖು ಹಾಕಿ ಬರೆದೆ: ಎಣಿಸಿರಲಿಲ್ಲ. ಮೂವತ್ತೊಂದು ಎಂದು ಮಾವ ಹೇಳಿದರು.

ಅದೂ ನಾನು ಎಣಿಸಿದ್ದಲ್ಲ.